ಕಂಡುಬಂದಿಲ್ಲ

ನೀರು ತಿಳಿಯಾಗಿದ್ದರೆ ಒಳ್ಳೆಯದೆಂದು ನಂಬುವುದು ಮನುಷ್ಯನ ಬಹು ಹಳೆಯ ಅಭ್ಯಾಸವು. ಕೊಡದ ತಳವು ಕಂಡರೆ ಮನೆಯೊಡತಿಯ ಮನಸ್ಸು ನೆಮ್ಮದಿಗೊಳ್ಳುತ್ತದೆ. ಕಾಣದಿದ್ದರೆ ಚಿಲ್ಲದ ಬೀಜವನ್ನು ತೇಯ್ದೋ, ಬಟ್ಟೆಯಲ್ಲಿ ಸೋಸಿಯೋ, ಮರಳು ಇದ್ದಲುಗಳ ಗಡಿಗೆಗಳ ಮೂಲಕ ಇಳಿಸಿಯೋ ಅವಳು ಅದನ್ನು ತಿಳಿಗೊಳಿಸುತ್ತಾಳೆ. ಕಣ್ಣು, ಮೂಗು, ನಾಲಗೆ ಈ ಮೂವರು ಪರೀಕ್ಷಕರು ತಲೆತಲಾಂತರದಿಂದ ನಮ್ಮವರನ್ನು ತಕ್ಕಮಟ್ಟಿಗೆ ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಬಣ್ಣವಿಲ್ಲದ, ವಾಸನೆಯಿಲ್ಲದ, ರುಚಿಗೆ ಸಿಕ್ಕದ ವಸ್ತುಗಳು ನೀರಿನಲ್ಲಿ ಬೆರೆಯತೊಡಗಿದ ಮೇಲೆ ಮೂವರೂ ಸೋತಿದ್ದಾರೆ. ಅವರ ಸ್ಥಾನದಲ್ಲಿ ಈಗ ಪ್ರಯೋಗಶಾಲೆಯ ವರದಿಯು ಬಂದು ಕುಳಿತಿದೆ. ಆ ವರದಿಯನ್ನು ಓದುವುದು ಹೇಗೆಂಬುದನ್ನು ಇಟಗಿಯ ಒಬ್ಬ ನಿವೃತ್ತ ಉಪಾಧ್ಯಾಯರು ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಕಲಿಯಬೇಕಾಯಿತು.

ಇಟಗಿಯು ಕೊಪ್ಪಳ ಜಿಲ್ಲೆಯಲ್ಲಿ ಕುಕನೂರಿಗೂ ಲಕ್ಕುಂಡಿಗೂ ನಡುವೆ ಇರುವ ಊರು. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ದೇವಾಲಯವು ಅಲ್ಲಿದೆ. ಶಾಸನವು ಅದನ್ನು ‘ದೇವಾಲಯ ಚಕ್ರವರ್ತಿ’ಯೆಂದು ಕೊಂಡಾಡಿರುವುದನ್ನು ವಾಚಕರು ಬಲ್ಲರು. ಪರಸ್ಥಳದಿಂದ ಯಾರಾದರೂ ನೋಡಬಂದರೆ ಉಪಾಧ್ಯಾಯರು ತಾವಾಗಿಯೇ ಜೊತೆಗೂಡಿ, ಕಂಬಗಳನ್ನೂ ಭುವನೇಶ್ವರಿಯನ್ನೂ ತೋರಿಸಿ, ಕೊನೆಗೆ ಪುಷ್ಕರಣಿಯ ಮೆಟ್ಟಿಲ ಮೇಲೆ ಕುಳ್ಳಿರಿಸಿ ಶಾಸನದ ಮಾತನ್ನು ತೆಗೆಯುವರು. “ಶಾಸನದಲ್ಲಿ ಬರೆದುದನ್ನು ನಂಬಿರಿ. ಆದರೆ ಬರೆಯದೆ ಬಿಟ್ಟುದು ಊರಲ್ಲಿ ಇರಲೇ ಇಲ್ಲವೆಂದು ನಂಬಬೇಡಿರಿ. ಕಲ್ಲು ಹೊತ್ತವರ ಹೆಸರು ಕಲ್ಲಿನ ಮೇಲೆ ಬರುವುದಿಲ್ಲ” ಎಂಬುದು ಅವರು ಎಲ್ಲರಿಗೂ ಹೇಳುತ್ತಿದ್ದ ಮಾತು. ಈ ಮಾತು ನೀರಿನ ವಿಷಯದಲ್ಲಿ ತಮಗೇ ತಿರುಗಿ ಬರುವುದೆಂದು ಅವರು ಎಣಿಸಿರಲಿಲ್ಲ.

ಊರ ತಗ್ಗಿನಲ್ಲಿ, ಬಚ್ಚಲ ನೀರೆಲ್ಲವೂ ಗಟಾರಗಳಲ್ಲಿ ಹರಿದು ಕೂಡುವಲ್ಲಿ, ಒಬ್ಬ ವಿಧವೆಯ ತುಂಡು ನೆಲವಿತ್ತು. ಆಕೆ ಮೆಂತೆ, ರಾಜಗಿರಿ, ಪುಂಡಿಪಲ್ಯಗಳನ್ನು ಬೆಳೆದು ಸಂತೆಗೆ ಒಯ್ದು ಮಾರಿ ಸಂಸಾರವನ್ನು ಸಾಗಿಸುತ್ತಿದ್ದಳು. ಕೊಳವೆಬಾವಿಗಳು ಬತ್ತುವ ಬೇಸಗೆಯಲ್ಲಿ ಗಟಾರದ ನೀರೇ ಆಕೆಗೆ ಆಧಾರ. ಅದನ್ನು ಒಂದು ಹೊಂಡದಲ್ಲಿ ನಿಲ್ಲಿಸಿ, ರಾಡಿಯು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮಡಿಗಳಿಗೆ ಬಿಡುವಳು. ೨೦೧೯ರ ಬೇಸಗೆಯಲ್ಲಿ ಯಾರೋ ಸಂತೆಯಲ್ಲಿ ನಿಂತು, “ಅದು ವಿಷದ ನೀರಿನ ಪಲ್ಯ” ಎಂದು ಆಡಿಬಿಟ್ಟರು. ಎರಡು ಸಂತೆ ಸೊಪ್ಪು ಬುಟ್ಟಿಯಲ್ಲೇ ಬಾಡಿತು. ಮೂರನೆಯ ವಾರ ಆಕೆ ಉಪಾಧ್ಯಾಯರ ಕಟ್ಟೆಗೆ ಬಂದು, “ಹೌದೋ ಅಲ್ಲವೋ ನೀವೇ ಹೇಳಿರಿ” ಎಂದು ಕುಳಿತಳು.

ಆ ಕಾಲಕ್ಕೆ ಕೋಲಾರದ ಸುದ್ದಿಯು ಪತ್ರಿಕೆಗಳಲ್ಲಿ ತುಂಬಿತ್ತು. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಶುದ್ಧೀಕರಿಸಿ, ದಿನಕ್ಕೆ ೪೪ ಕೋಟಿ ಲೀಟರಿನ ಗುರಿಯಿಂದ, ಬತ್ತಿದ ಕೋಲಾರದ ಕೆರೆಗಳಿಗೆ ಹಾಯಿಸುವ ಯೋಜನೆಯು ೨೦೧೮ರ ಜೂನ್ ತಿಂಗಳಲ್ಲಿ ಆರಂಭವಾಗಿತ್ತು. ಮರುತಿಂಗಳೇ ನೊರೆಯು ಕಾಣಿಸಿಕೊಂಡು, ವಿವಾದವು ಉಚ್ಚ ನ್ಯಾಯಾಲಯವನ್ನೂ ಮುಂದೆ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. ನೀರು ಬಂತಲ್ಲಾ ಎಂದು ಕೆಲವರು ಸಂತೋಷಪಟ್ಟರು. ಎಂಥ ನೀರು ಬಂತು ಎಂದು ಕೆಲವರು ಕೇಳಿದರು. ಕೆರೆ ದೊಡ್ಡದು, ಹೊಂಡ ಚಿಕ್ಕದು. ಪ್ರಶ್ನೆಯು ಮಾತ್ರ ಒಂದೇ ಎಂದು ಉಪಾಧ್ಯಾಯರಿಗೆ ತೋರಿತು. ಅವರ ಮಗಳು ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ಕೊಳಚೆನೀರನ್ನು ಪರೀಕ್ಷಿಸುವ ಕೆಲಸದಲ್ಲಿದ್ದಳು. ಮಗಳಿದ್ದಾಳೆಂಬ ಧೈರ್ಯದಿಂದ ಅವರು, “ಹದಿನೈದು ದಿನದಲ್ಲಿ ಹೇಳುತ್ತೇನೆ” ಎಂದು ಮಾತು ಕೊಟ್ಟರು.

ಮೊದಲ ಪಾಠವು ಸೀಸೆಯಿಂದಲೇ ಆರಂಭವಾಯಿತು. ಅಂಗಡಿಯ ಕುಡಿಯುವ ನೀರಿನ ಪ್ಲಾಸ್ಟಿಕ್ ಸೀಸೆಯೊಂದನ್ನು ತೊಳೆದು, ಹೊಂಡದ ನೀರನ್ನು ತುಂಬಿ, ಅವರು ತಾವೇ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಒಯ್ದರು. ಮಗಳು ಅದನ್ನು ನೋಡಿ ಮುಚ್ಚಳವನ್ನು ಕೂಡ ತೆರೆಯಲಿಲ್ಲ. ಪ್ಲಾಸ್ಟಿಕ್ಕಿನಿಂದ ಅದರದೇ ವಸ್ತುಗಳು ನೀರಿಗೆ ಇಳಿಯುವುದುಂಟು. ನೀರಿನಲ್ಲಿರುವ ಕೆಲವು ವಸ್ತುಗಳು ಸೀಸೆಯ ಗೋಡೆಗೆ ಅಂಟಿಕೊಂಡು ಮರೆಯಾಗುವುದೂ ಉಂಟು. ಸಾಕ್ಷಿಯು ನ್ಯಾಯಾಲಯಕ್ಕೆ ಬರುವ ದಾರಿಯಲ್ಲೇ ಕೆಟ್ಟುಹೋದಂತೆ. ದ್ರಾವಕದಲ್ಲಿ ತೊಳೆದ, ಬೆಳಕು ಹೊಗದ ಕಂದು ಗಾಜಿನ ಸೀಸೆ ಬೇಕು. ಮಂಜುಗಡ್ಡೆಯ ನಡುವೆ ಇಟ್ಟು ತರಬೇಕು. ಏಳು ದಿನಗಳೊಳಗಾಗಿ ಅದರ ಸಾರವನ್ನು ತೆಗೆಯಬೇಕು. ಮುದುಕರಿಗೆ ಮುಖಭಂಗವಾದಂತಾಯಿತು. ಆದರೂ ಎರಡು ಕಂದು ಸೀಸೆಗಳನ್ನು ಚೀಲದಲ್ಲಿಟ್ಟುಕೊಂಡು ಮರಳಿದರು. ವಾರದೊಳಗೆ ತುಂಬಿಸಿಕೊಂಡು ಪುನಃ ಬಂದರು.

ಎರಡನೆಯ ತೊಡಕು ಶಬ್ದದ್ದು. ಮಗಳು ‘ಸಾವಯವ ಮಲಿನವಸ್ತುಗಳು’ ಎಂದಾಗ ಅವರು, “ಸಾವಯವವೆಂದರೆ ಒಳ್ಳೆಯದಲ್ಲವೆ? ಸಾವಯವ ಗೊಬ್ಬರ, ಸಾವಯವ ಬೆಲ್ಲವೆಂದು ಮಾರುತ್ತಾರಲ್ಲ?” ಎಂದರು. ಸಂತೆಯ ಅರ್ಥ ಬೇರೆ, ರಸಾಯನಶಾಸ್ತ್ರದ ಅರ್ಥ ಬೇರೆ. ಇಂಗಾಲವನ್ನು ಎಲುಬಾಗಿ ಮಾಡಿಕೊಂಡು ಕಟ್ಟಿದ ವಸ್ತುಗಳನ್ನು ಶಾಸ್ತ್ರವು ಸಾವಯವವೆನ್ನುತ್ತದೆ. ಬೆಲ್ಲವೂ ಸಾವಯವವೇ, ಎಂಡೋಸಲ್ಫಾನ್ ಎಂಬ ಕೀಟನಾಶಕವೂ ಸಾವಯವವೇ. ನೋವಿನ ಗುಳಿಗೆ, ಬಟ್ಟೆಯ ಸಾಬೂನಿನ ಪುಡಿ, ಸೊಳ್ಳೆಯ ಔಷಧಿ ಇವೆಲ್ಲವೂ ಆ ಕುಲದವೇ. ಬಚ್ಚಲಿನಿಂದ ಗಟಾರಕ್ಕೆ ಇಳಿಯುವವೂ ಇವೇ. ಆದರೆ ಕೊಪ್ಪಳದ ಸೀಮೆಯ ಕೊಳವೆಬಾವಿಗಳನ್ನು ಕಾಡಿ, ಮಕ್ಕಳ ಹಲ್ಲುಗಳನ್ನು ಕಂದಿಸುವ ಫ್ಲೋರೈಡು ಈ ಕುಲಕ್ಕೆ ಸೇರಿದ್ದಲ್ಲ. ಅದನ್ನು ಹಿಡಿಯುವ ಪರೀಕ್ಷೆಯೇ ಬೇರೆ.

ಕೊಳಚೆನೀರಿನ ಸಾಮಾನ್ಯ ಪರೀಕ್ಷೆಗಳು ಇಂಥ ವಸ್ತುಗಳನ್ನು ಹೆಸರಿಟ್ಟು ಕರೆಯುವುದಿಲ್ಲ. ನೀರನ್ನು ೨೭ ಡಿಗ್ರಿ ಉಷ್ಣದಲ್ಲಿ ಮೂರು ದಿನ ಇಟ್ಟು, ಅದರಲ್ಲಿಯ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಎಷ್ಟು ಆಮ್ಲಜನಕವನ್ನು ಮುಗಿಸಿದವೆಂದು ಅಳೆಯುವುದು ನಮ್ಮ ದೇಶದಲ್ಲಿರುವ ಪದ್ಧತಿ. ಕೊಳೆ ಒಟ್ಟಿನಲ್ಲಿ ಎಷ್ಟಿದೆಯೆಂಬುದು ಅದರಿಂದ ತಿಳಿಯುತ್ತದೆ. ಜಾತ್ರೆಯಲ್ಲಿ ಎಷ್ಟು ಜನ ಸೇರಿದ್ದರೆಂದು ಎಣಿಸಿದಂತೆ. ಅವರೊಳಗೆ ಕಳ್ಳನೊಬ್ಬನಿದ್ದನೇ ಎಂಬುದಕ್ಕೆ ಆ ಎಣಿಕೆಯಲ್ಲಿ ಉತ್ತರವಿಲ್ಲ. ಕೀಟನಾಶಕಗಳೂ ಔಷಧಿಗಳೂ ನೀರಿನಲ್ಲಿರುವುದು ಲೀಟರಿಗೆ ಮೈಕ್ರೋಗ್ರಾಮುಗಳ ಲೆಕ್ಕದಲ್ಲಿ, ಅಂದರೆ ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದಾಗ ಬರುವ ಪಾಲುಗಳಲ್ಲಿ. ಎಷ್ಟೋ ವೇಳೆ ಅದಕ್ಕಿಂತಲೂ ಕಡಿಮೆ. ಯಂತ್ರವು ಎಷ್ಟೇ ಸೂಕ್ಷ್ಮವಾಗಿರಲಿ, ಇಷ್ಟು ತೆಳುವಾದುದನ್ನು ಗುರುತಿಸುವುದು ಕಷ್ಟ. ಅದನ್ನು ಮೊದಲು ಒಟ್ಟುಗೂಡಿಸಿ ಗಟ್ಟಿಮಾಡಬೇಕು.

ಹಿಂದೆ ಈ ಕೆಲಸವನ್ನು ಲಾಳಿಕೆಯಾಕಾರದ ಗಾಜಿನ ಪಾತ್ರೆಯಲ್ಲಿ ಮಾಡುತ್ತಿದ್ದರು. ನೀರಿಗೆ ಬೆರೆಯದ ದ್ರಾವಕವೊಂದನ್ನು ನೂರಾರು ಮಿಲಿಲೀಟರಿನಷ್ಟು ಹಾಕಿ ಕುಲುಕಿದರೆ ಎಣ್ಣೆಯ ಸ್ವಭಾವದ ವಸ್ತುಗಳು ಅದಕ್ಕೆ ಸೇರುತ್ತವೆ. ಆದರೆ ಸಾಬೂನು ತುಂಬಿದ ಕೊಳಚೆನೀರು ಕುಲುಕಿದೊಡನೆ ಮಜ್ಜಿಗೆಯಂತೆ ನೊರೆಗಟ್ಟಿ, ಗಂಟೆಗಟ್ಟಲೆ ಎರಡಾಗಿ ಒಡೆಯುವುದಿಲ್ಲ. ದ್ರಾವಕದ ಹೊಗೆಯೂ ಕೆಲಸಗಾರರಿಗೆ ಕೇಡು. ೧೯೫೧ರಲ್ಲಿಯೇ ಅಮೆರಿಕದ ರಸಾಯನಜ್ಞರು ನದಿಯ ನೀರನ್ನು ಇದ್ದಲಿನ ಮೂಲಕ ಹಾಯಿಸಿ, ಇದ್ದಲು ಹಿಡಿದ ವಸ್ತುಗಳನ್ನು ಮರಳಿ ಬಿಡಿಸಿಕೊಂಡು ನೋಡಿದ್ದರು. ಬಳಿಕ ರಾಳದ ಮಣಿಗಳು ಬಂದವು. ೧೯೭೮ರಲ್ಲಿ ಒಂದೇ ಸಾರಿ ಬಳಸಿ ಬಿಸಾಡುವ ಪುಟ್ಟ ಕೊಳವಿಗಳು ಬಂದವು. ನೀರನ್ನು ಘನವಸ್ತುವಿನ ಮೂಲಕ ಇಳಿಸಿ ಸಾರವನ್ನು ತೆಗೆಯುವ ಈ ವಿಧಾನಕ್ಕೆ ಪ್ರಯೋಗಶಾಲೆಯವರು ‘ಸಾಲಿಡ್ ಫೇಸ್ ಎಕ್ಸ್‌ಟ್ರಾಕ್ಷನ್’ ಎನ್ನುತ್ತಾರೆ.

ಮಗಳು ತಂದೆಯನ್ನು ಒಂದು ಮಣೆಯ ಮೇಲೆ ಕುಳ್ಳಿರಿಸಿ ಕೆಲಸವನ್ನು ಕೈಕೊಂಡಳು. ಮೊದಲು ನೀರನ್ನು ಗಾಜಿನ ನಾರಿನ ಸೋಸುಕಾಗದದ ಮೂಲಕ ಹಾಯಿಸಿದಳು. ಮೇಲುಳಿದ ಕಪ್ಪು ರಾಡಿಯನ್ನು ಚೆಲ್ಲದೆ ಬೇರೆಯಾಗಿ ಎತ್ತಿಟ್ಟಳು. ಕೆಲವು ಕೀಟನಾಶಕಗಳು ನೀರಿಗಿಂತ ಕೆಸರನ್ನೇ ಹೆಚ್ಚಾಗಿ ಅಂಟಿಕೊಂಡಿರುತ್ತವೆ, ಅದನ್ನು ಎಸೆದರೆ ಹುಡುಕುವ ವಸ್ತುವನ್ನೇ ಎಸೆದಂತಾದೀತು. ಅನಂತರ ಹೆಬ್ಬೆರಳ ಗಾತ್ರದ ಕೊಳವಿಯೊಂದನ್ನು ತೆಗೆದಳು. ಅದರಲ್ಲಿದ್ದುದು ಅರ್ಧ ಗ್ರಾಮಿನಷ್ಟು ಬಿಳಿಯ ಪುಡಿ. ಸಿಲಿಕಾದ ಒಂದೊಂದು ಕಣಕ್ಕೂ ಹದಿನೆಂಟು ಇಂಗಾಲಗಳ ಸರಪಳಿಗಳನ್ನು ಹೊಲಿದಂತೆ ಕೂಡಿಸಿರುತ್ತಾರೆ. ಆ ಸರಪಳಿಗಳು ಎಣ್ಣೆಯ ಜಾತಿಯವು. ನೀರನ್ನು ಒಲ್ಲವು, ನೀರಿನಲ್ಲಿ ಒಲ್ಲದ ಮನಸ್ಸಿನಿಂದ ಇರುವ ವಸ್ತುಗಳನ್ನು ತಮ್ಮ ಕಡೆಗೆ ಎಳೆದುಕೊಳ್ಳುವವು. ನೀರಿನೊಡನೆಯೂ ಸ್ನೇಹವುಳ್ಳ ಔಷಧಿಗಳನ್ನು ಹಿಡಿಯಲು ಎರಡು ಸ್ವಭಾವಗಳೂ ಕೂಡಿದ ಪಾಲಿಮರಿನ ಪುಡಿಗಳು ೧೯೯೦ರ ದಶಕದಲ್ಲಿ ಬಂದವು. ಅವಳು ಅದರದೂ ಒಂದು ಕೊಳವಿಯನ್ನು ಪಕ್ಕದಲ್ಲಿ ಹೂಡಿದಳು.

ಒಣಪುಡಿಯು ನೀರನ್ನು ಸೇರಿಸುವುದಿಲ್ಲವಾದುದರಿಂದ ಮೊದಲು ಮೆಥನಾಲನ್ನೂ ಬಳಿಕ ಶುದ್ಧ ನೀರನ್ನೂ ಹಾಯಿಸಿ ಅದನ್ನು ಹದಗೊಳಿಸಿದಳು. ಆಮೇಲೆ ಹೊಂಡದ ಅರ್ಧ ಲೀಟರು ನೀರು ಹನಿಹನಿಯಾಗಿ ಇಳಿಯತೊಡಗಿತು. ಮುದುಕರು, “ಸ್ವಲ್ಪ ಬೇಗ ಬಿಡಬಾರದೆ?” ಎಂದು ಕೇಳಿದರು. ಬೇಗ ಬಿಟ್ಟರೆ ವಸ್ತುವು ಪುಡಿಯನ್ನು ಸೋಂಕದೆ ನೀರಿನೊಡನೆಯೇ ಜಾರಿಹೋಗುತ್ತದೆ. ತೀರ ಹೆಚ್ಚು ನೀರನ್ನು ಹಾಯಿಸಿದರೂ ಕೆಡುಕೇ. ಸಂತೆಯ ಬಸ್ಸಿನಲ್ಲಿ ಇರುವ ಸ್ಥಳವನ್ನೆಲ್ಲ ಮೂಟೆಗಳು ಹಿಡಿದರೆ ಮನುಷ್ಯರು ಕೆಳಗೇ ನಿಲ್ಲುವಂತೆ, ಕೊಳೆತ ಎಲೆಯ ಸಾರವೂ ಜಿಡ್ಡೂ ಪುಡಿಯ ಸ್ಥಳವನ್ನೆಲ್ಲ ಆಕ್ರಮಿಸಿ, ಹುಡುಕುವ ವಸ್ತುವು ಹೊರಗುಳಿಯುತ್ತದೆ. ನೀರು ಕೊಳೆಯಾದಷ್ಟೂ ಈ ಭಯವು ಹೆಚ್ಚು.

ಒಂದು ಗಂಟೆಯ ಮೇಲೆ ನೀರೆಲ್ಲವೂ ಇಳಿದು ಕೆಳಗಿನ ಪಾತ್ರೆಯಲ್ಲಿ ನಿಂತಿತು. ಮಗಳು ಅದನ್ನು ಬದಿಗೆ ಸರಿಸಿಬಿಟ್ಟಳು. ಉಪಾಧ್ಯಾಯರಿಗೆ ಆಶ್ಚರ್ಯವಾಯಿತು. ಅವರ ತಾಯಿ ಗಡಿಗೆಯಲ್ಲಿ ಮರಳು ಇದ್ದಲು ತುಂಬಿ ನೀರಿಳಿಸಿದಾಗ ಇಳಿದ ನೀರು ಮನೆಗೆ, ಕೊಳೆ ಹಿತ್ತಲಿಗೆ. ಇಲ್ಲಿ ಉಪಾಯವು ಅದೇ, ಬೇಕಾದುದು ಮಾತ್ರ ತಿರುಗುಮುರುಗು: ನೀರು ಬದಿಗೆ, ಹಿಡಿದ ಕೊಳೆಯು ಪರೀಕ್ಷೆಗೆ. ಕೊಳವಿಯನ್ನು ಆರಿಸಿ, ಕೆಲವೇ ಮಿಲಿಲೀಟರು ದ್ರಾವಕವನ್ನು ಹಾಯಿಸಿದಾಗ ಪುಡಿ ಹಿಡಿದಿದ್ದೆಲ್ಲ ಬಿಟ್ಟುಕೊಟ್ಟಿತು. ಅದರ ಮೇಲೆ ಸಾರಜನಕದ ಗಾಳಿಯನ್ನು ಮೆಲ್ಲಗೆ ಊದಿ ಅರ್ಧ ಮಿಲಿಲೀಟರಿಗೆ ಇಳಿಸಿದಳು. ಅರ್ಧ ಲೀಟರಿನಲ್ಲಿದ್ದುದು ಈಗ ಅರ್ಧ ಮಿಲಿಲೀಟರಿನಲ್ಲಿ, ಸಾವಿರ ಪಾಲು ಗಟ್ಟಿಯಾಗಿ ಕುಳಿತಿತು. ಮುಂದೆ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸಿ ಅವುಗಳ ತೂಕದಿಂದ ಗುರುತಿಸುವ ಯಂತ್ರದ ಕೆಲಸ.

ಪಕ್ಕದಲ್ಲಿ ಇನ್ನೂ ಎರಡು ಸೀಸೆಗಳಿಗೆ ಇದೇ ಸೇವೆಯು ನಡೆದಿತ್ತು. ಒಂದರಲ್ಲಿದ್ದುದು ಬರಿಯ ಶುದ್ಧ ನೀರು. ಪ್ರಯೋಗಶಾಲೆಯ ಗಾಜು, ದ್ರಾವಕ, ಗಾಳಿಗಳೇ ಕೊಳೆಯನ್ನು ಸೇರಿಸುತ್ತಿಲ್ಲವೆಂದು ನೋಡಿಕೊಳ್ಳಲು. ಇನ್ನೊಂದರಲ್ಲಿದ್ದುದು ಇಟಗಿಯ ಹೊಂಡದ್ದೇ ನೀರು, ಆದರೆ ಪಟ್ಟಿಯಲ್ಲಿರುವ ಪ್ರತಿಯೊಂದು ವಸ್ತುವನ್ನೂ ತೂಗಿ ಸೇರಿಸಿದ್ದು. ಸೇರಿಸಿದ್ದರಲ್ಲಿ ಎಷ್ಟು ಪಾಲು ಮರಳಿ ಬಂತೆಂಬುದರಿಂದ ಜರಡಿಯ ಯೋಗ್ಯತೆಯು ತಿಳಿಯುತ್ತದೆ. “ಇದ್ದುದನ್ನು ಇದೆಯೆಂದು ಹೇಳಬಲ್ಲೆನೋ ಎಂದು ಮೊದಲು ನನ್ನನ್ನೇ ಪರೀಕ್ಷೆ ಮಾಡಿಕೊಳ್ಳಬೇಕು, ಅಪ್ಪಾ” ಎಂದಳು ಮಗಳು.

ಕೆಲವು ದಿನಗಳ ಮೇಲೆ ವರದಿಯು ಬಂತು. ಎಡಗಡೆ ವಸ್ತುಗಳ ಹೆಸರು. ಬಲಗಡೆ ಉದ್ದಕ್ಕೂ ‘ಕಂಡುಬಂದಿಲ್ಲ’, ‘ಕಂಡುಬಂದಿಲ್ಲ’. ಉಪಾಧ್ಯಾಯರು ಕಾಗದವನ್ನು ಮಡಿಚಿ ಕಿಸೆಗಿಟ್ಟು, “ಪಾಪ, ಬಡವಿ ಬದುಕಿದಳು” ಎಂದು ಎದ್ದರು. ಮಗಳು ಅವರನ್ನು ಕುಳ್ಳಿರಿಸಿ ಕೆಳಗಿನ ಸಣ್ಣಕ್ಷರದ ಸಾಲುಗಳನ್ನು ಓದಿಸಿದಳು. ಪ್ರತಿಯೊಂದು ವಸ್ತುವಿಗೂ ಇಷ್ಟಕ್ಕಿಂತ ಕಡಿಮೆಯಿದ್ದರೆ ಈ ವಿಧಾನಕ್ಕೆ ಕಾಣದು ಎಂಬ ಮಿತಿಯಿತ್ತು. ಕೆಲವು ವಸ್ತುಗಳು ಸೇರಿಸಿದ ನೂರರಲ್ಲಿ ತೊಂಬತ್ತು ಪಾಲು ಮರಳಿ ಬಂದಿದ್ದವು. ಒಂದು ಔಷಧಿಯು ಅರ್ಧವೂ ಬಂದಿರಲಿಲ್ಲ, ಅದರ ವಿಷಯದಲ್ಲಿ ‘ಇಲ್ಲ’ವೆಂಬ ಮಾತಿಗೆ ಬಲವಿರಲಿಲ್ಲ. ಬಟ್ಟೆಯ ಸಾಬೂನಿನ ವಸ್ತುಗಳು ಪಟ್ಟಿಯಲ್ಲಿಯೇ ಇರಲಿಲ್ಲ. ರೋಗಾಣುಗಳ ಸುದ್ದಿಯನ್ನು ಈ ಕೊಳವಿಯು ಎತ್ತುವುದೇ ಇಲ್ಲ. ಅಲ್ಲದೆ ಸೀಸೆ ತುಂಬಿದ್ದು ಬೇಸಗೆಯ ಒಂದು ಮುಂಜಾವಿನಲ್ಲಿ. ಹೊಲಗಳಿಗೆ ಔಷಧಿ ಹೊಡೆಯುವ ಮಳೆಗಾಲದಲ್ಲಿ ಹರಿಯುವ ನೀರಿಗೆ ಅದು ಸಾಕ್ಷಿಯಾಗಲಾರದು.

ಈ ಎಚ್ಚರಿಕೆಯು ಬರಿಯ ಪಂಡಿತರ ಹಟವಲ್ಲವೆಂಬುದಕ್ಕೆ ಕಾಸರಗೋಡಿನ ನಮ್ಮ ಕನ್ನಡ ನೆರೆಯವರ ಕಥೆಯೇ ಸಾಕ್ಷಿಯು. ಎಣ್ಮಕಜೆ ಪಂಚಾಯತಿಯ ಪಡ್ರೆ ಮೊದಲಾದ ಊರುಗಳ ಗುಡ್ಡಗಳಲ್ಲಿ ಗೇರುತೋಟಗಳ ಮೇಲೆ ಎಂಡೋಸಲ್ಫಾನನ್ನು ೧೯೭೦ರ ದಶಕದಿಂದ ೨೦೦೦ದ ವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಮಕ್ಕಳು ಅಂಗವೈಕಲ್ಯದಿಂದ ಹುಟ್ಟುವುದನ್ನು ಊರ ವೈದ್ಯರೊಬ್ಬರು ಕಂಡು ಕೂಗಿಕೊಂಡರು. ೨೦೦೧ರಲ್ಲಿ ಒಂದು ಸಂಸ್ಥೆಯ ಪರೀಕ್ಷೆಯಲ್ಲಿ ಅಲ್ಲಿಯ ಜನರ ರಕ್ತದಲ್ಲಿ ಆ ವಿಷವು ಕಂಡಿತು. ಅದೇ ವರ್ಷ ಇನ್ನೊಂದು ಸಂಸ್ಥೆಯ ಪರೀಕ್ಷೆಯಲ್ಲಿ ಕಂಡುಬಂದಿಲ್ಲವೆಂದಾಯಿತು. ಬಳಿಕ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯು ಅಭ್ಯಾಸ ಮಾಡಿ ಮಕ್ಕಳ ರಕ್ತದಲ್ಲಿ ಅದರ ಅಂಶವಿದೆಯೆಂದು ತಿಳಿಸಿತು. ಎಂಡೋಸಲ್ಫಾನು ಮಣ್ಣಿನಲ್ಲಿಯೂ ದೇಹದಲ್ಲಿಯೂ ಬದಲಾಗಿ ಎಂಡೋಸಲ್ಫಾನ್ ಸಲ್ಫೇಟು ಎಂಬ ರೂಪವನ್ನು ತಾಳುತ್ತದೆ. ಆದುದರಿಂದಲೇ ಕುಡಿಯುವ ನೀರಿನ ೨೦೧೨ರ ಭಾರತೀಯ ಮಾನಕವು ಅದರ ಆಲ್ಫಾ, ಬೀಟಾ, ಸಲ್ಫೇಟು ಮೂರು ರೂಪಗಳನ್ನೂ ಹೆಸರಿಸಿ, ಲೀಟರಿಗೆ ೦.೪ ಮೈಕ್ರೋಗ್ರಾಮಿನ ಮಿತಿಯನ್ನು ಹಾಕಿದೆ. ಮೂರನೆಯದನ್ನು ಬಿಟ್ಟು ಹುಡುಕುವವನು ವೇಷ ಬದಲಿಸಿದ ಕಳ್ಳನನ್ನು ಮುಂದೆ ಬಿಟ್ಟಂತಾದೀತು. ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಎಂಡೋಸಲ್ಫಾನನ್ನು ತಡೆದುದು ೨೦೧೧ರ ಮೇ ತಿಂಗಳಲ್ಲಿ. ‘ಕಂಡುಬಂದಿಲ್ಲ’ ಎಂಬ ಮಾತಿಗೂ ‘ಇಲ್ಲ’ ಎಂಬ ಮಾತಿಗೂ ನಡುವಣ ಅಂತರದಲ್ಲಿ ಎಷ್ಟೋ ಮನೆಗಳು ವರ್ಷಗಟ್ಟಲೆ ನ್ಯಾಯಕ್ಕಾಗಿ ಕಾಯ್ದವು.

ಉಪಾಧ್ಯಾಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದೂ ಒಂದು ಶಾಸನವೇ ಆಯಿತು” ಎಂದರು. ತಾವು ಪುಷ್ಕರಣಿಯ ಮೆಟ್ಟಿಲ ಮೇಲೆ ಊರವರಿಗೂ ಪರಊರವರಿಗೂ ಹೇಳಿದ ಮಾತನ್ನು ಕಿಸೆಯಲ್ಲಿದ್ದ ಕಾಗದಕ್ಕೆ ಅನ್ವಯಿಸಿಕೊಳ್ಳಲು ಅವರಿಗೆ ಮನಸ್ಸಾಗಿರಲಿಲ್ಲ. ಶುಭವಾರ್ತೆಯು ಬೇಕಾಗಿದ್ದವನು ಸಣ್ಣಕ್ಷರವನ್ನು ಓದುವುದಿಲ್ಲ.

ಇಟಗಿಗೆ ಮರಳಿದ ಸಂಜೆ ಆ ಹೆಣ್ಣುಮಗಳು ಬಂದಳು. ಅವರು ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದರು. ಹುಡುಕಿದ ವಿಷಗಳು ಇಂತಿಷ್ಟರ ಮೇಲೆ ಕಾಣಲಿಲ್ಲ, ಹುಡುಕದಿದ್ದುದು ತಿಳಿಯದು. ಆಕೆ ಸಮಾಧಾನದಿಂದ ಕೇಳಿ, “ಹಾಗಾದರೆ ನಾನು ಸೊಪ್ಪು ಬೆಳೆಯಲೋ, ಬಿಡಲೋ?” ಎಂದಳು. ಕೋಲಾರದ ರೈತನಿಗೂ ಇಟಗಿಯ ಹೆಣ್ಣುಮಗಳಿಗೂ ಕಾಗದದಿಂದ ಬೇಕಾದುದು ಈ ಒಂದೇ ಉತ್ತರವು. ಕಾಗದವು ಅದನ್ನು ಕೊಡುವುದಿಲ್ಲ. ಅದನ್ನು ಓದಿದವನು ತನ್ನ ವಿವೇಕದಿಂದ ಕೊಡಬೇಕು, ಕೊಟ್ಟುದರ ಹೊಣೆಯನ್ನೂ ಹೊರಬೇಕು.

ಮಗಳು ಹೊರಡುವಾಗ ಒಂದು ಮಾತನ್ನು ಹೇಳಿಕಳುಹಿಸಿದ್ದಳು. ಸೊಪ್ಪಿನ ಮಟ್ಟಿಗೆ ಹತ್ತಿರದ ಭಯವು ರೋಗಾಣುಗಳದು. ಕೊಳಚೆನೀರಿನ ಬೇಸಾಯಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ೨೦೦೬ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳು ಒಂದೇ ಅಡ್ಡಗಟ್ಟೆಯನ್ನು ನೆಚ್ಚದೆ, ಹಲವನ್ನು ಒಂದರ ಹಿಂದೆ ಒಂದಾಗಿ ಹಾಕಲು ಹೇಳುತ್ತವೆ. ನೀರನ್ನು ಹೆಚ್ಚು ದಿನ ನಿಲ್ಲಿಸುವುದು, ಎಲೆಯ ಮೇಲೆ ಬೀಳದಂತೆ ಬುಡಕ್ಕೆ ಬಿಡುವುದು, ಕೊಯ್ಲಿಗೆ ಕೆಲವು ದಿನ ಮುಂಚೆ ನಿಲ್ಲಿಸುವುದು, ತೊಳೆಯುವುದು, ಬೇಯಿಸುವುದು. ಉಪಾಧ್ಯಾಯರು ಇವನ್ನೆಲ್ಲ ತೂಗಿ ನೋಡಿ ಹೇಳಿದರು: “ಹೊಂಡದ ನೀರಿಗೆ ಮೇವು ಹಾಕು. ಸೊಪ್ಪಿನ ಮಡಿಗಳನ್ನು ನನ್ನ ಹಿತ್ತಲ ಬಾವಿಯ ಕೆಳಗೆ ಮಾಡಿಕೋ, ನೀರು ಇರುವಷ್ಟು ದಿನ. ವಿಷವೆಂದವರಿಗೆ ಈ ಕಾಗದ ತೋರಿಸು. ಅಮೃತವೆಂದು ಮಾತ್ರ ಹೇಳಬೇಡ.” ಆಕೆಗೆ ಇದು ಪೂರ್ಣ ಸಂತೋಷದ ಉತ್ತರವಾಗಿರಲಿಲ್ಲ. ಸೊಪ್ಪಿನ ಲಾಭವು ಮೇವಿನಲ್ಲಿಲ್ಲ, ಹಿತ್ತಲ ಬಾವಿಯಲ್ಲಿ ನೀರೂ ಬಹಳವಿರಲಿಲ್ಲ. ಆದರೂ ತಲೆಯಾಡಿಸಿ ಎದ್ದಳು.

ಆ ವರ್ಷ ಮುಂಗಾರು ಹಿಡಿದು, ಎರೆಹೊಲಗಳಲ್ಲಿ ಹತ್ತಿಗೆ ಔಷಧಿ ಹೊಡೆಯುವ ಕಾಲ ಬಂದಾಗ, ಉಪಾಧ್ಯಾಯರು ಮಗಳಿಗೆ ಬರೆದು ಇನ್ನೆರಡು ಕಂದು ಗಾಜಿನ ಸೀಸೆಗಳನ್ನು ತರಿಸಿಕೊಂಡರು.